ಮನೆಯ ಚಿತ್ರಕ್ಕೆ ಯಾವ ಅಕ್ಷರ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದನೆಯ ತರಗತಿಯ ಗೋಡೆಗೆ ತೂಗುಹಾಕಿರುತ್ತಿದ್ದ ಅಕ್ಷರಗಳ ಪಟ ನಿಮಗೆ ನೆನಪಿರಬೇಕು. ‘ಆ’ ಪಕ್ಕ ಆನೆ, ‘ಇ’ ಪಕ್ಕ ಇಲಿ, ‘ಮ’ ಪಕ್ಕ ಹೆಂಚಿನ ಮನೆ. ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದ ಶಾಲೆಗೆ ವರ್ಗವಾಗಿ ಹೋದ ಹೊಸದರಲ್ಲಿ ಆ ಪಟದ ಮುಂದೆ ಕೋಲು ಹಿಡಿದು ನಿಂತು, ಮುಂದಿನ ಸಾಲಿನ ಹುಡುಗಿಗೆ ಮನೆಯ ಚಿತ್ರ ತೋರಿಸಿ ‘ಇದೇನು?’ ಅಂದೆ. ‘ಘರ್’ ಅಂದಳು. ‘ಅಲ್ಲ, ಮನೆ’ ಅಂದೆ. ನೀರಿನ ಚಿತ್ರಕ್ಕೆ ‘ಪಾಣಿ’ ಅಂದಳು. ‘ಅಲ್ಲ, ನೀರು.’ ಹೀಗೆ ಐದು ನಿಮಿಷದಲ್ಲಿ ಆರು ಸಲ ‘ಅಲ್ಲ’ ಅಂದಿರಬೇಕು. ಏಳನೆಯ ಚಿತ್ರಕ್ಕೆ ಅವಳು ಬಾಯಿ ತೆರೆಯಲಿಲ್ಲ. ದಸರೆ ರಜೆ ಬಂದು ಹೋದರೂ ತೆರೆಯಲಿಲ್ಲ. ನಾನು ಅವಳ ಹೆಸರಿನ ಮುಂದೆ ‘ಕಲಿಕೆಯಲ್ಲಿ ಹಿಂದುಳಿದಿದ್ದಾಳೆ’ ಎಂದು ಬರೆದುಬಿಟ್ಟೆ. ಆ ಕೆಂಪು ಶಾಯಿ ನನ್ನದೇ.

ಪಟದ ಗುಟ್ಟು ಏನು ಅಂತ ನನಗೆ ಹೊಳೆಯಲು ತಡವಾಯಿತು. ಚಿತ್ರ ನೋಡಿದ ಮಗುವಿನ ಬಾಯಿಂದ ‘ಮನೆ’ ಎಂಬ ಮಾತು ತಾನಾಗಿ ಬರಬೇಕು, ಅದರ ಮೊದಲ ಸದ್ದು ಹಿಡಿದು ನಾವು ‘ಮ’ ತೋರಿಸಬೇಕು. ಕನ್ನಡದ ಮನೆಯಿಂದ ಬಂದ ಮಗುವಿಗೆ ಇದು ಇಳಿಜಾರು. ಮನೆಗೆ ಘರ್ ಅನ್ನುವ ಮಗುವಿಗೆ ಅದೇ ಚಿತ್ರ ತೋರಿಸುವುದು ‘ಘ’ ಅಕ್ಷರವನ್ನು. ನೀರಿನ ಚಿತ್ರ ‘ಪ’ ಅಕ್ಷರವನ್ನು. ಕನ್ನಡದ ಮಗು ಅಕ್ಷರವೊಂದನ್ನೇ ಕಲಿಯುತ್ತಿತ್ತು. ಇವಳು ಅಕ್ಷರ, ಮಾತು ಎರಡನ್ನೂ ಒಂದೇ ಗಳಿಗೆಯಲ್ಲಿ ಕಲಿಯಬೇಕಿತ್ತು, ಅದೂ ಬೈಸಿಕೊಳ್ಳುತ್ತಾ.

ತಮಾಷೆ ನೋಡಿ, ನಮ್ಮ ಕಡೆಯ ಕನ್ನಡದ ಮಕ್ಕಳಿಗೆ ಮಹಾಪ್ರಾಣ ಹೇಳಿಸುವಷ್ಟರಲ್ಲಿ ಮೇಷ್ಟ್ರುಗಳ ಪ್ರಾಣ ಹೋಗುತ್ತದೆ. ‘ಘಂಟೆ’ ಅನ್ನಿ ಅಂದರೆ ‘ಗಂಟಿ’ ಅನ್ನುತ್ತವೆ. ತಾಂಡಾದ ಮಕ್ಕಳು ಘ, ಛ, ಧಗಳನ್ನು ಮನೆಯಿಂದಲೇ ತಂದಿರುತ್ತಾರೆ. ಆ ಬಂಡವಾಳವನ್ನು ನಾವು ಬಾಗಿಲಲ್ಲೇ ಕಿತ್ತಿಡುತ್ತಿದ್ದೆವು.

ಆಮೇಲೆ ನಲಿ-ಕಲಿ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಅದರಲ್ಲಿ ಅಆಇಈ ಎಂಬ ಸಾಲಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು. ಈ ಐದರಿಂದಲೇ ಅರಸ, ಸರ, ಗರಗಸ ಎಂದು ಪದ ಕಟ್ಟಬಹುದು. ಒಳ್ಳೆಯ ಪದ್ಧತಿ, ನನಗೆ ಅದರ ಮೇಲೆ ಪ್ರೀತಿಯಿದೆ. ಆದರೆ ಒಂದು ದಿನ ಒಬ್ಬ ಹುಡುಗ ‘ಗರಗಸ’ ಎಂದು ಎಡವದೆ ಓದಿದ. ‘ಹಂಗಂದ್ರೇನು?’ ಅಂತ ಕೇಳಿದರೆ, ಸ್ವಲ್ಪ ಯೋಚಿಸಿ ‘ಓದೂದು ರೀ’ ಅಂದ. ಅವನಪ್ಪ ಬಡಗಿ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಗರಗಸ ಗೋಡೆಗೇ ತೂಗುತ್ತಿತ್ತು.

ಲೆಕ್ಕದ ಕಥೆ ಇನ್ನೂ ಸೂಕ್ಷ್ಮ. ‘ಹತ್ತರಲ್ಲಿ ನಾಲ್ಕು ಕಳೆಯಿರಿ’ ಎಂದು ಹಲಗೆಯ ಮೇಲೆ ಬರೆದರೆ ತರಗತಿ ಸುಮ್ಮನೆ. ಅದೇ ಮಗು ಅಂಗಡಿಗೆ ಹತ್ತು ರೂಪಾಯಿ ಒಯ್ದು, ಸಾಮಾನು ತಂದು, ಚಿಲ್ಲರೆಯನ್ನು ಯಾಡಿಯ ಕೈಯಲ್ಲಿ ಒಂದು ಪೈಸೆ ತಪ್ಪದೆ ಇಡುತ್ತದೆ. ಯಾಡಿ ಅಂದರೆ ಅವರ ಮಾತಿನಲ್ಲಿ ತಾಯಿ. ಮಗುವಿಗೆ ಕಳೆಯುವುದು ಗೊತ್ತು. ‘ಕಳೆ’ ಎಂಬ ಪದ ಗೊತ್ತಿಲ್ಲ. ಗೊತ್ತಿದ್ದರೂ ಅದು ಹೊಲದಲ್ಲಿ ಕೀಳುವ ಕಳೆ.

ಇನ್ನು ಗುಳೆ. ದೀಪಾವಳಿಯ ಹೊತ್ತಿಗೆ ಅರ್ಧ ತಾಂಡಾ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಡುತ್ತದೆ. ಮಕ್ಕಳು ಯುಗಾದಿಗೆ ಮರಳುವಾಗ ನಾಲ್ಕಾರು ಮರಾಠಿ ಮಾತು ಕಲಿತಿರುತ್ತಾರೆ, ಇಲ್ಲಿ ಕಲಿತ ಕನ್ನಡ ಅರ್ಧ ಮರೆತಿರುತ್ತಾರೆ. ಆರು ವರ್ಷದ ಮಗುವಿನ ನಾಲಿಗೆಯ ಮೇಲೆ ಮೂರು ಭಾಷೆ, ಹಾಜರಿ ಪುಸ್ತಕದಲ್ಲಿ ಉದ್ದಕ್ಕೂ ಗೈರು.

ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಲು ಯತ್ನಿಸಬೇಕು ಅನ್ನುತ್ತದೆ. ಅದರಂತೆ ನಮ್ಮಲ್ಲಿ ಉರ್ದು, ಮರಾಠಿ, ತಮಿಳು, ತೆಲುಗು ಶಾಲೆಗಳಿವೆ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ನಮ್ಮ ಶಾಲೆಯಲ್ಲಿ ಅದರ ಪಠ್ಯವೂ ಇರಲಿಲ್ಲ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಜನ ಇದನ್ನು ತಾಯ್ನುಡಿ ಎಂದು ಬರೆಸಿದ್ದಾರೆ, ಆದರೆ ಎಣಿಕೆಯ ಪಟ್ಟಿಯಲ್ಲಿ ಅದು ಕೂತಿರುವುದು ಹಿಂದಿಯ ಕೆಳಗೆ. ಲಿಪಿ ಇಲ್ಲದ್ದು ನೆಪವಾಗಬೇಕಿಲ್ಲ. ಒಡಿಶಾದಲ್ಲಿ 2006ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪಾಠ ಶುರುಮಾಡಿ, ಹೆಚ್ಚಿನವನ್ನು ಒಡಿಯಾ ಲಿಪಿಯಲ್ಲೇ ಬರೆದರು. ಮಕ್ಕಳನ್ನು ಮೆಲ್ಲಗೆ ಒಡಿಯಾಕ್ಕೆ ದಾಟಿಸಿದರು.

ತಾಂಡಾದಲ್ಲಿ ಈ ಮಾತೆತ್ತಿದಾಗ ಒಬ್ಬ ಹಿರಿಯರು ನೇರವಾಗಿ ಕೇಳಿದರು: ‘ನಮ್ಮ ಮಾತು ಮನ್ಯಾಗ ಐತಲ್ರೀ ಅಕ್ಕೋರ, ಅದಕ್ಕ ಸಾಲಿಗೆ ಯಾಕ್ ಕಳಸೂದು? ಕನ್ನಡ ಕಲಸ್ರಿ, ಇಂಗ್ಲಿಷ್ ಕಲಸ್ರಿ.’ ಅವರ ಮಾತು ತೆಗೆದುಹಾಕುವಂಥದ್ದಲ್ಲ. ಬಸ್ಸಿನ ಬೋರ್ಡು, ತಹಶೀಲ್ದಾರ್ ಕಚೇರಿ, ನೌಕರಿ, ಎಲ್ಲಕ್ಕೂ ಕನ್ನಡ ಬೇಕು. ನಾನು ಹೇಳಿದ್ದು ಇಷ್ಟೇ: ಕನ್ನಡಕ್ಕೇ ಕರೆದೊಯ್ಯುತ್ತೇನೆ, ಆದರೆ ನಿಮ್ಮ ಅಂಗಳದಿಂದ ಹೊರಡುತ್ತೇನೆ. ಅವರು ಒಪ್ಪಿದರೋ ಬಿಟ್ಟರೋ, ಚಹಾ ಅಂತೂ ಕುಡಿಸಿದರು.

ಮಾಡಿದ್ದು ದೊಡ್ಡದೇನಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಬೆಳಿಗ್ಗೆ ಅರ್ಧ ತಾಸು ಪಕ್ಕದಲ್ಲಿ ಕೂರಿಸಿಕೊಂಡೆ. ಕಥೆಯನ್ನು ಮೊದಲು ಅವಳು ಅವರ ಮಾತಿನಲ್ಲಿ ಹೇಳುವಳು, ಆಮೇಲೆ ನಾನು ಕನ್ನಡದಲ್ಲಿ. ಕಥೆ ಗೊತ್ತಿದ್ದ ಮಕ್ಕಳು ಕನ್ನಡದ ಮಾತನ್ನು ಊಹಿಸಿ ಹಿಡಿಯುತ್ತಿದ್ದರು. ಪಟದ ಮೇಲೆ ಮನೆಯ ಕೆಳಗೆ ‘ಮನೆ’ ಎಂದಿದ್ದಲ್ಲಿ, ಪಕ್ಕಕ್ಕೆ ಸೀಮೆಸುಣ್ಣದಿಂದ ‘ಘರ್’ ಎಂದೂ ಬರೆದೆ. ಎರಡೂ ಕನ್ನಡ ಅಕ್ಷರವೇ.

ಕುದುರೆಯ ಚಿತ್ರದ ಹತ್ತಿರ ಬಂದಾಗ ಅವರ ಪದ ಕೇಳಿ ತಿಳಿದುಕೊಂಡಿದ್ದೆ. ಜಂಬದಿಂದ ‘ಗೋಡೋ’ ಅಂದೆ. ತರಗತಿ ಕೊಳ್ಳೆಂದು ನಕ್ಕಿತು. ಮುಂದಿನ ಸಾಲಿನಿಂದ, ಅಷ್ಟು ತಿಂಗಳು ಬಾಯಿ ಬಿಡದ ಆ ಹುಡುಗಿ ಎದ್ದು ನಿಂತಳು.

‘ಅಲ್ರೀ ಅಕ್ಕೋರ,’ ಅಂದಳು. ‘ಘೋಡೋ.’

ಮತ್ತೆ ಹೇಳಿದೆ. ‘ಅಲ್ರೀ.’ ಮೂರನೆಯ ಸಲಕ್ಕೆ ತಲೆಯಾಡಿಸಿ ಕುಳಿತಳು.

ನಮಸ್ಕಾರ.