ಐದು ಪ್ಲೈ ಅಂದರೆ ಗಟ್ಟಿ ಅಂತಲ್ಲ

(ಕೊಪ್ಪಳದಲ್ಲಿ ಹಣ್ಣು ಬೆಳೆಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ಕಡೆಯ ದಾಳಿಂಬೆಯವರು ಜಾಸ್ತಿ ಇದ್ದೀರಿ. ಮಾವಿನವರೂ ಇದ್ದೀರಿ. ಕಿನ್ನಾಳದಿಂದ ಗೊಂಬೆ ಮಾಡುವವರು ಬಂದಿದ್ದೀರಿ. ಬಳ್ಳಾರಿಯ ಜೀನ್ಸ್ ಹೊಲಿಸುವವರು ಹಿಂದೆ ಕೂತಿದ್ದಾರೆ. ಕಸುಬು ಬೇರೆ ಬೇರೆ, ಆದರೆ ರಟ್ಟಿನ ಡಬ್ಬಿ ಕೊಳ್ಳುವಾಗ ಎಲ್ಲರ ಮಾತೂ ಒಂದೇ: "ಐದು ಪ್ಲೈ ಗಟ್ಟಿ ಡಬ್ಬಿ ಕೊಡ್ರಿ, ರೇಟು ನೋಡಿ ಹಾಕ್ರಿ." ನಾನೂ ಡಬ್ಬಿ ಮಾಡುವವನೇ. ಇಂಥ ಆರ್ಡರ್ ಬಂದರೆ ನಮಗೆ ಒಳಗೊಳಗೇ ಖುಷಿ. ನಮ್ಮನ್ನು ಹಿಡಿದು ಕೇಳುವಂಥದ್ದು ಅದರಲ್ಲಿ ಏನೂ ಇರೋದಿಲ್ಲ ನೋಡಿ.

ಈ ತುಂಡನ್ನು ನೋಡಿ. ಹೊರಗೊಂದು ಸಪಾಟಾದ ಹಾಳೆ, ಒಳಗೊಂದು ಸಪಾಟಾದ ಹಾಳೆ. ಇವೆರಡೂ ಲೈನರ್. ನಡುವೆ ಅಲೆ ಅಲೆಯಾಗಿ ಇರುವುದು ಫ್ಲೂಟ್. ಒಟ್ಟು ಮೂರು ಹಾಳೆ, ಅದಕ್ಕೇ ಮೂರು ಪ್ಲೈ. ಇನ್ನೊಂದು ಫ್ಲೂಟ್, ಇನ್ನೊಂದು ಲೈನರ್ ಸೇರಿಸಿದರೆ ಐದು. ಅಂಟಿಸುವುದು ಸ್ಟಾರ್ಚಿನ ಗಂಜಿಯಿಂದ, ಹೆಚ್ಚಾಗಿ ಮೆಕ್ಕೆಜೋಳದ್ದು. ನಿಮ್ಮ ಹೊಲದ ಬೆಳೆಯೇ ಅಲ್ವಾ!

ಈ ಅಲೆ ಕಾಗದ ಹುಟ್ಟಿದ್ದು ಡಬ್ಬಿಗಾಗಿ ಅಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಎತ್ತರದ ಟೋಪಿಯ ಒಳಪಟ್ಟಿಗೆ ಅಂತ ಅದಕ್ಕೆ ಪೇಟೆಂಟ್ ಪಡೆದರು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಬಾಟಲಿ, ಲಾಟೀನಿನ ಗಾಜು ಸುತ್ತೋಕೆ ಬಳಸಿದ. ಎರಡೂ ಕಡೆ ಹಾಳೆ ಅಂಟಿಸಿದ್ದು ಆಮೇಲೆ, 1874ರಲ್ಲಿ.

ಫ್ಲೂಟಿಗೆ ಎ, ಬಿ, ಸಿ, ಇ ಅಂತ ಹೆಸರು. ಎ ದೊಡ್ಡ ಅಲೆ, ಎತ್ತರ ಸುಮಾರು 5 ಮಿಲಿಮೀಟರ್. ಬಿ ಸಣ್ಣದು, 3 ಮಿಲಿಮೀಟರಿನ ಒಳಗೆ. ಸಿ ಇವೆರಡರ ನಡುವಿನದು. ಕ್ರಮ ತಪ್ಪಿದ ಹಾಗೆ ಕಾಣುತ್ತೆ, ಆದರೆ ಅಕ್ಷರ ಕೊಟ್ಟಿದ್ದು ಬಂದ ಕ್ರಮದಲ್ಲಿ, ಅಳತೆಯ ಕ್ರಮದಲ್ಲಲ್ಲ. ನಮ್ಮ ಕಡೆ ವರ್ಕ್‌ಶಾಪಿನಲ್ಲಿ ಬ್ರಾಡ್ ಫ್ಲೂಟ್, ನ್ಯಾರೋ ಫ್ಲೂಟ್ ಅಂದರೆ ಸಾಕು.

ಈಗ ಅಸಲು ಮಾತಿಗೆ ಬರೋಣ. ಕಾಗದದ ತೂಕಕ್ಕೆ ಜಿಎಸ್ಎಂ ಅಂತೀವಿ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಆ ಕಾಗದ ಎಷ್ಟು ಒತ್ತಡಕ್ಕೆ ಒಡೆಯುತ್ತೆ ಅನ್ನೋದಕ್ಕೆ ಬಿಎಫ್, ಅಂದರೆ ಬರ್ಸ್ಟಿಂಗ್ ಫ್ಯಾಕ್ಟರ್. ಪೇಟೆಯಲ್ಲಿ 16, 18, 20 ಬಿಎಫ್ ಅಂತ ಕೇಳಿರ್ತೀರಿ. ಜಿಎಸ್ಎಂ ಮತ್ತು ಬಿಎಫ್ ಗುಣಿಸಿ ಸಾವಿರದಿಂದ ಭಾಗಿಸಿ. ಒಂದು ಹಾಳೆ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ ಒತ್ತಡ ತಡೆಯುತ್ತೆ ಅಂತ ಸಿಗುತ್ತೆ. ಲೈನರಿಗೆ ಪೂರ್ತಿ ಹಿಡೀತೀವಿ, ಫ್ಲೂಟಿಗೆ ಅರ್ಧ.

ಒಂದು ಲೆಕ್ಕ ಮಾಡೋಣ. ಮೂರು ಪ್ಲೈ ಡಬ್ಬಿ, ಎಲ್ಲ ಹಾಳೆ 150 ಜಿಎಸ್ಎಂ, 18 ಬಿಎಫ್. ಒಂದು ಲೈನರಿಗೆ 2.7, ಎರಡಕ್ಕೆ 5.4. ಫ್ಲೂಟಿನ ಅರ್ಧ 1.35. ಒಟ್ಟು 6.75. ಇನ್ನೊಂದು ಐದು ಪ್ಲೈ ಡಬ್ಬಿ, ಎಲ್ಲ ಹಾಳೆ 100 ಜಿಎಸ್ಎಂ, 16 ಬಿಎಫ್. ಮೂರು ಲೈನರಿಗೆ 4.8, ಎರಡು ಫ್ಲೂಟಿಗೆ 1.6. ಒಟ್ಟು 6.4. ಅಂದರೆ ಒಡೆಯುವ ಲೆಕ್ಕದಲ್ಲಿ ಐದು ಪ್ಲೈಗಿಂತ ಮೂರು ಪ್ಲೈಯೇ ಮೇಲಾಯಿತು. ಒಂದರ ಮೇಲೊಂದು ಪೇರಿಸುವಾಗ ಐದು ಪ್ಲೈಗೆ ದಪ್ಪದ ಅನುಕೂಲ ಇದ್ದೇ ಇದೆ, ಇಲ್ಲ ಅನ್ನಲ್ಲ. ಆದರೆ ಬರೀ ಪ್ಲೈ ಎಣಿಸಿ ದುಡ್ಡು ಕೊಡಬೇಡಿ.

ಮಾರುವವನು ಹೇಳಿದ ಜಿಎಸ್ಎಂ ನಿಜವೇ ಅಂತ ನೋಡೋದು ಹೇಗೆ? ಲ್ಯಾಬ್ ಬೇಡ. ಡಬ್ಬಿಯ ಒಂದು ತುಂಡನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ. ಗಂಜಿ ಬಿಟ್ಟುಕೊಂಡು ಹಾಳೆಗಳು ಬೇರೆಯಾಗುತ್ತವೆ. ಮೆಲ್ಲಗೆ ಬಿಡಿಸಿ, ಒಣಗಿಸಿ. ಫ್ಲೂಟಿನ ಹಾಳೆಯನ್ನು ನೀಟಾಗಿ ಚಪ್ಪಟೆ ಮಾಡಿ, ಅದು ಮೊದಲಿಗಿಂತ ಉದ್ದವಾಗಿರುತ್ತೆ. ಮೊದಲು 10 ಸೆಂಟಿಮೀಟರ್ ಇದ್ದದ್ದು 14ರ ಆಸುಪಾಸು ಬರಬಹುದು. ಈಗ ಪ್ರತಿ ಹಾಳೆಯಿಂದಲೂ 10ಕ್ಕೆ 10 ಸೆಂಟಿಮೀಟರ್ ಚೌಕ ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಡಿ. ಒಂದೂವರೆ ಗ್ರಾಂ ಬಂದರೆ 150 ಜಿಎಸ್ಎಂ. ಒಂದು ಗ್ರಾಂ ಬಂದರೆ 100. ಹೊರಗಿನ ಹಾಳೆ ಒಳ್ಳೇದು ಹಾಕಿ ಒಳಗೆ ತೆಳು ತುಂಬಿದ್ದರೆ ಇಲ್ಲೇ ಸಿಕ್ಕಿಬೀಳುತ್ತೆ. ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. ಹೊಂಬಣ್ಣದ ಹಾಳೆ ಚೆಂದ, ಆದರೆ ಬಣ್ಣ ಹಾಕಿದ ಮಾತ್ರಕ್ಕೆ ಶಕ್ತಿ ಬರಲ್ಲ.

ದಾಳಿಂಬೆಯವರಿಗೆ ಎರಡು ಮಾತು ಜಾಸ್ತಿ ಹೇಳಬೇಕು. ಜೀನ್ಸ್ ಡಬ್ಬಿಯಲ್ಲಿ ಬಟ್ಟೆಯೇ ಒತ್ತಾಗಿ ತುಂಬಿರುತ್ತೆ, ಮೇಲಿನ ಭಾರದಲ್ಲಿ ಅದೂ ಪಾಲು ಹೊರುತ್ತೆ. ಹಣ್ಣು ಹಾಗಲ್ಲ. ಭಾರ ಹಣ್ಣಿನ ಮೇಲೆ ಬಿತ್ತು ಅಂದರೆ ಸಿಪ್ಪೆ ಕಂದಿತು ಅಂತಲೇ ಲೆಕ್ಕ. ಪೂರ್ತಿ ಭಾರ ಡಬ್ಬಿಯ ಗೋಡೆಯೇ ಹೊರಬೇಕು. ಅದರಲ್ಲೂ ನಾಲ್ಕು ಮೂಲೆಗಳದ್ದೇ ಹೆಚ್ಚು ಪಾಲು, ಮನೆಗೆ ಕಂಬ ಇದ್ದ ಹಾಗೆ. ಹಾಗಾಗಿ ಮೂಲೆಯ ಮೇಲೆ ಮೂಲೆ ಬರುವಂತೆ ಪೇರಿಸಿ. ಇಟ್ಟಿಗೆ ಕಟ್ಟಿದಂತೆ ಅಡ್ಡಡ್ಡ ಜೋಡಿಸಿದರೆ ಸಾಲು ಅಲುಗಾಡಲ್ಲ, ನಿಜ. ಆದರೆ ಮೇಲಿನ ಡಬ್ಬಿಯ ಮೂಲೆ ಕೆಳಗಿನದರ ಮೆತ್ತನೆ ನಡುಭಾಗದ ಮೇಲೆ ಕೂರುತ್ತೆ. ಲಾರಿ ಇಲ್ಲಿಂದ ಹೈದರಾಬಾದ್ ಮುಟ್ಟುವಷ್ಟರಲ್ಲಿ ತಳದ ಸಾಲು ಕುಸಿದಿರುತ್ತೆ. ಗೋಡೆಯಲ್ಲಿ ಅಲೆಗಳು ನಿಂತ ದಿಕ್ಕಿನಲ್ಲಿರಬೇಕು. ಅಡ್ಡ ಮಲಗಿದ್ದರೆ ಆ ಡಬ್ಬಿ ವಾಪಸ್ ಕಳಿಸಿ.

ಗಾಳಿಗೆ ತೂತು ಬೇಕೇ ಬೇಕು. ಆದರೆ ಮೂಲೆಯ ಹತ್ತಿರ ಬೇಡ. ಉದ್ದುದ್ದವಾಗಿ, ಮೇಲಿಂದ ಕೆಳಕ್ಕೆ ಇರಲಿ. ಎಲ್ಲ ಸೇರಿ ಗೋಡೆಯ ನೂರರಲ್ಲಿ ಐದು ಪಾಲು ದಾಟದಿದ್ದರೆ ಒಳ್ಳೇದು. ಮತ್ತೆ ತೇವ. ಕಾಗದಕ್ಕೆ ಅದೇ ದೊಡ್ಡ ಶತ್ರು. ಮಳೆಗಾಲದ ಗಾಳಿಯಲ್ಲಿ, ಕೋಲ್ಡ್ ಸ್ಟೋರೇಜಿನಿಂದ ಹೊರಗೆ ತೆಗೆದಾಗ ಬೆವರುವ ಹನಿಯಲ್ಲಿ, ಡಬ್ಬಿಯ ಅರ್ಧ ಶಕ್ತಿಯೇ ಹೋಗಬಹುದು. ಖಾಲಿ ಡಬ್ಬಿಯನ್ನೂ ಬರೀ ನೆಲದ ಮೇಲೆ ಇಡಬೇಡಿ, ಕೆಳಗೆ ಹಲಗೆ ಹಾಕಿ.

ಕಿನ್ನಾಳದವರೇ, ನಿಮ್ಮದು ಹಗುರ ಮರ, ಭಾರದ ತೊಂದರೆ ಇಲ್ಲ. ನಿಮಗೆ ಕಾಟ ಕೊಡೋದು ಉಜ್ಜಾಟ. ಗೊಂಬೆ ಒಳಗೆ ಅಲುಗಾಡಿದರೆ ಬಣ್ಣ ಏಳುತ್ತೆ. ದೊಡ್ಡ ಡಬ್ಬಿ ಬೇಡ, ಅಳತೆಗೆ ಸರಿಯಾದ ಇ ಫ್ಲೂಟ್ ಡಬ್ಬಿ ಮಾಡಿಸಿ. ಅದರ ಅಲೆ ಒಂದೂವರೆ ಮಿಲಿಮೀಟರ್ ಅಷ್ಟೇ, ಮೇಲೆ ಪ್ರಿಂಟ್ ಚೆನ್ನಾಗಿ ಬರುತ್ತೆ. ಗಾಜಿನ ಲೋಟ, ಕೊಡೆ, ಮೇಲ್ಮುಖ ಬಾಣ, ಈ ಮೂರು ಗುರುತು ಹಾಕಿಸಿ. ಹಮಾಲರು ಯಾವ ಭಾಷೆಯವರಾದರೂ ಅರ್ಥ ಆಗುತ್ತೆ. ಪಾಲಿಸ್ತಾರೋ ಇಲ್ಲವೋ ಅದು ಬೇರೆ ಮಾತು!

ಆರ್ಡರನ್ನು ಚೀಟಿಯಲ್ಲೇ ಕೊಡಿ. ಅಳತೆ ಬರೆಯುವಾಗ ಮೊದಲು ಉದ್ದ, ಆಮೇಲೆ ಅಗಲ, ಕೊನೆಗೆ ಎತ್ತರ. "ಒಳ ಅಳತೆ" ಅಂತ ಬರೆಯೋದನ್ನು ಮರೀಬೇಡಿ, ಇಲ್ಲಾಂದ್ರೆ ನಿಮ್ಮ ಟ್ರೇ ಒಳಗೆ ಕೂರೋದೇ ಇಲ್ಲ. ಅದರ ಕೆಳಗೆ ಎಷ್ಟು ಪ್ಲೈ, ಯಾವ ಫ್ಲೂಟ್, ಪ್ರತಿ ಹಾಳೆಯ ಜಿಎಸ್ಎಂ ಮತ್ತು ಬಿಎಫ್, ಜಾಯಿಂಟಿಗೆ ಪಿನ್ನೋ ಅಂಟೋ. ಅದೇ ಚೀಟಿಯ ನಕಲನ್ನು ಇಬ್ಬರು ಮೂವರು ಡಬ್ಬಿಯವರಿಗೆ ಕೊಟ್ಟು ರೇಟು ತರಿಸಿ. ಮಾಲು ಬಂದ ದಿನ ಒಂದು ಡಬ್ಬಿ ನೀರಿಗೆ ಹಾಕಿ ತೂಗಿ ನೋಡಿ, ಆಮೇಲೆ ಬಾಕಿ ದುಡ್ಡು ಕೊಡಿ.