ಗೇರ್ ಪಕ್ಕದ ಗಿಡ್ಡ ಲಿವರ್

ಕೇಳುಗರಿಗೆ ನಮಸ್ಕಾರ.

ಕಟ್ಟಿನಹೊಳೆಯಿಂದ ಕೊಡಚಾದ್ರಿ ಹತ್ತುವ ಜೀಪಿನಲ್ಲಿ ಮುಂದೆ ಕೂತವರು ನೋಡಿರಬಹುದು, ಗೇರ್ ಲಿವರ್ ಪಕ್ಕದಲ್ಲೇ ಇನ್ನೊಂದು ಗಿಡ್ಡ ಲಿವರ್ ಇರುತ್ತದೆ. ಕಡಿದಾದ ಏರು ಬಂದರೆ ಚಾಲಕ ಜೀಪು ನಿಲ್ಲಿಸಿ ಅದನ್ನು ಎಳೆಯುತ್ತಾನೆ. ಆಮೇಲೆ ಎಂಜಿನ್ ಸದ್ದು ಏರುತ್ತದೆ, ಜೀಪು ಮಾತ್ರ ನಡಿಗೆಯ ವೇಗಕ್ಕೆ ಇಳಿಯುತ್ತದೆ.

ಆ ಲಿವರ್ ಕೆಳಗಿರುವುದು ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನ ಬೆನ್ನಿಗಿರುವ ಇನ್ನೊಂದು ಸಣ್ಣ ಗೇರ್‌ಬಾಕ್ಸ್. ಅದರಿಂದ ಎರಡು ಪ್ರೊಪೆಲ್ಲರ್ ಶಾಫ್ಟ್, ಅಂದರೆ ತಿರುಗುವ ಉದ್ದ ದಂಡಗಳು, ಹೊರಡುತ್ತವೆ. ಒಂದು ಹಿಂದಿನ ಚಕ್ರಗಳ ನಡುವೆ ಗೇರುಗಳನ್ನು ಮುಚ್ಚಿಟ್ಟಿರುವ ಹೌಸಿಂಗಿಗೆ, ಇನ್ನೊಂದು ಮುಂದಿನದಕ್ಕೆ. ಲಿವರ್ ಟೂ ವೀಲಿನಲ್ಲಿ, ಅಂದರೆ ಎರಡೇ ಚಕ್ರ ಎಳೆಯುವ ಸ್ಥಾನದಲ್ಲಿದ್ದರೆ, ಹಿಂದಿನದಕ್ಕೆ ಮಾತ್ರ ಶಕ್ತಿ. ನಾಲ್ಕೂ ಚಕ್ರ ಎಳೆಯುವ ಫೋರ್ ಹೈಗೆ ಹಾಕಿದರೆ ಒಳಗಿನ ಒಂದು ಸ್ಲೀವ್ ಸರಿದು ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಬಿಗಿಯುತ್ತದೆ. ಫೋರ್ ಲೋದಲ್ಲಿ ಇನ್ನೊಂದು ಜೊತೆ ಗೇರ್ ಸೇರಿ, ವೇಗ ಸುಮಾರು ಎರಡೂವರೆ ಪಟ್ಟು ಇಳಿದು ತಿರುಗುಬಲ ಅಷ್ಟೇ ಹೆಚ್ಚುತ್ತದೆ. ಲೆಕ್ಕ ಹೀಗೆ ಹಾಕಿ. ಫಸ್ಟ್ ಗೇರಿನ ಅನುಪಾತ 4, ಲೋ 2.5, ಹೌಸಿಂಗಿನೊಳಗೆ ಶಾಫ್ಟ್ ತುದಿಯ ಚಿಕ್ಕ ಗೇರಾದ ಪಿನಿಯನ್ನಿಗೆ 10 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಾದ ಕ್ರೌನಿಗೆ 43. ಆಗ ಚಕ್ರ ಒಂದು ಸುತ್ತು ಬರಲು ಎಂಜಿನ್ 43 ಸುತ್ತು ತಿರುಗಬೇಕು. ಇಳಿಜಾರಿನಲ್ಲಿ ಬ್ರೇಕ್ ಕಾಯದಂತೆ ವಾಹನವನ್ನು ಹಿಡಿದಿಡುವುದೂ ಇದೇ ಲೆಕ್ಕ.

ಇಷ್ಟಾದರೂ ತೋಟದ ದಾರಿಯ ಕೆಸರಿನಲ್ಲಿ ಫೋರ್ ವೀಲ್ ಹಾಕಿದ ಪಿಕಪ್ ನಿಂತಲ್ಲೇ ಹೂತು ಹೋಗುವುದುಂಟು. ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಓಡಬೇಕಲ್ಲ, ಅದಕ್ಕಾಗಿ ಇರುವ ಗೇರು ಅದು. ಎರಡೂ ಪಕ್ಕಕ್ಕೆ ಅದು ಸಮನಾದ ಬಲವನ್ನೇ ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲಿ ಬಲವೇ ಬೇಡದೆ ಗಿರಗಿರ ಸುತ್ತಿದರೆ, ಗಟ್ಟಿ ನೆಲದ ಮೇಲಿನ ಚಕ್ರಕ್ಕೂ ಅಷ್ಟೇ ಸಿಕ್ಕುವುದು. ಮುಂದೊಂದು, ಹಿಂದೊಂದು ಹೀಗೆ ಜಾರಿದರೆ ಕೆಲಸ ಕೆಟ್ಟಿತು. ಆಗ ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಎರಡೂ ಪಕ್ಕದ ಚಕ್ರಗಳನ್ನು ಒಂದೇ ವೇಗಕ್ಕೆ ಬಿಗಿಯುವ ಡಿಫ್ ಲಾಕ್ ಇದ್ದರೆ ಹಾಕಿ. ಇಲ್ಲದಿದ್ದರೆ ಆಕ್ಸಿಲರೇಟರ್ ಹದವಾಗಿ ಹಿಡಿದು, ಎಡಗಾಲಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ. ಸುತ್ತುವ ಚಕ್ರಕ್ಕೆ ತಡೆ ಬಿದ್ದಾಗ ಅದರ ಜೋಡಿಗೂ ಬಲ ಹೋಗುತ್ತದೆ. ಕೆಲವೊಮ್ಮೆ ಅಷ್ಟೇ ಸಾಕು, ಕೆಲವೊಮ್ಮೆ ಹಾರೆ ಗುದ್ದಲಿಯೇ ಗತಿ.

ಇನ್ನು ಟಾರು ರಸ್ತೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಮಳೆಗೆ ಹೆದರಿ ಫೋರ್ ವೀಲ್ ಹಾಕಿಕೊಂಡು ಹೋಗುವುದು ಜಾಣತನವಲ್ಲ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 2.4 ಮೀಟರ್ ಅಂತರವಿರುವ ಜೀಪು 6 ಮೀಟರ್ ತ್ರಿಜ್ಯದ ಅರ್ಧ ಸುತ್ತು ತಿರುಗಿದರೆ, ಮುಂದಿನ ಆಕ್ಸಲ್ ಹಿಂದಿನದಕ್ಕಿಂತ ಸುಮಾರು ಒಂದೂವರೆ ಮೀಟರ್ ಹೆಚ್ಚು ಓಡುತ್ತದೆ. ಶಾಫ್ಟುಗಳು ಬಿಗಿದಿರುವಾಗ ಆ ವ್ಯತ್ಯಾಸ ಹೋಗುವುದೆಲ್ಲಿಗೆ? ಮಣ್ಣಿನಲ್ಲಾದರೆ ಟೈರ್ ಜಾರಿ ಸರಿದೂಗಿಸುತ್ತದೆ. ಟಾರು ಹಿಡಿದುಕೊಳ್ಳುತ್ತದೆ, ಆಗ ಶಾಫ್ಟುಗಳಲ್ಲಿ ತಿರುಚು ಕಟ್ಟಿಕೊಳ್ಳುತ್ತದೆ. ಸ್ಟೇರಿಂಗ್ ಭಾರ, ತಿರುವಿನಲ್ಲಿ ಕುಪ್ಪಳಿಸಿದಂತೆ ಓಟ, ಮುಂದುವರಿದರೆ ಶಾಫ್ಟಿನ ಕೀಲಾದ ಕ್ರಾಸ್ ಮುರಿಯುತ್ತದೆ. ಲಿವರ್ ಸಿಕ್ಕಿಹಾಕಿಕೊಂಡಿದ್ದರೆ ಗುದ್ದಬೇಡಿ. ಸ್ಟೇರಿಂಗ್ ನೇರವಾಗಿಟ್ಟು ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ತಿರುಚು ಬಿಚ್ಚಿ ತಾನಾಗಿಯೇ ಬರುತ್ತದೆ. ಟೈರುಗಳ ಅಳತೆ, ಸವೆತ ನಾಲ್ಕೂ ಕಡೆ ಒಂದೇ ಇರದಿದ್ದರೆ ನೇರ ದಾರಿಯಲ್ಲೂ ಇದೇ ಕಾಟ. ಸದಾ ನಾಲ್ಕು ಚಕ್ರ ಓಡಿಸುವ, ನಡುವೆಯೂ ಡಿಫರೆನ್ಷಿಯಲ್ ಇರುವ ಗಾಡಿಗಳಿಗೆ ಟಾರಿನ ಮೇಲೆ ಫೋರ್ ವೀಲ್ ಬೇಡವೆಂಬ ನಿಯಮವಿಲ್ಲ.

ಮುಂದಿನ ಚಕ್ರದ ಹಬ್‌ನಲ್ಲಿ ಚಕ್ರವನ್ನು ಆಕ್ಸಲಿಗೆ ಸೇರಿಸುವ, ಕೈಯಿಂದ ತಿರುಗಿಸುವ ಲಾಕ್ ಇರುವ ಹಳೆಯ ಗಾಡಿಯಾದರೆ, ಎರಡೂ ಪಕ್ಕ ಲಾಕ್ ಮಾಡಿದ್ದೀರಾ ನೋಡಿ. ಒಂದನ್ನು ಮರೆತರೂ ಲಿವರ್ ಎಳೆದು ಪ್ರಯೋಜನವಿಲ್ಲ, ಆ ಬಿಡುವಾದ ಪಕ್ಕ ಬಲವೇ ಬೇಡದೆ ಸುತ್ತಿ, ಲಾಕ್ ಆದ ಮುಂದಿನ ಚಕ್ರಕ್ಕೂ ಬಲ ಸಿಗುವುದಿಲ್ಲ.

ಮಳೆಗಾಲದಲ್ಲಿ ಹಳ್ಳ ದಾಟುವವರು ಹೌಸಿಂಗ್ ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೊಳವೆ ಕಟ್ಟಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್‌ಗಳ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಮನೆಗೆ ಬಂದು ಗಾಡಿ ಒಂದು ರಾತ್ರಿ ನಿಂತ ಮೇಲೆ ಡ್ರೈನ್ ಪ್ಲಗ್ ತುಸು ಸಡಿಲಿಸಿ: ಮೊದಲು ನೀರು ತೊಟ್ಟಿಕ್ಕಿದರೆ, ಇಲ್ಲವೇ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅದನ್ನೆಲ್ಲ ಇಳಿಸಿ ಹೊಸತು ಹಾಕಿ. ಕ್ರಾಸ್‌ಗಳ ನಿಪ್ಪಲಿಗೂ ಅಂದೇ ಗ್ರೀಸ್ ಹೊಡೆಯಿರಿ, ಹಳೆಯ ಗ್ರೀಸ್ ನಾಲ್ಕೂ ಬಾಯಿಂದ ಹೊರಬರುವ ತನಕ.

ನಮಸ್ಕಾರ.