ಅಮ್ಮನ ಪಿಆರ್ ಕಡತ

ಮಿಸ್ಸಿಸ್ಸಾಗಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿರುವ ಈ ಕಾಗದಗಳನ್ನು ನೋಡಿ ಯಾವುದೋ ಆಸ್ತಿಯ ವ್ಯಾಜ್ಯವೆಂದು ತಿಳಿಯಬೇಡಿ; ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ಅಮ್ಮನನ್ನು ಕೆನಡಾದ ಕಾಯಂ ನಿವಾಸಿಯಾಗಿ (ಪಿಆರ್) ಕರೆಸಿಕೊಳ್ಳಲು ನಾನು ಸಲ್ಲಿಸಿದ ಸ್ಪಾನ್ಸರ್ ಅರ್ಜಿಯ ನಕಲುಗಳಿವು.

ತಂದೆತಾಯಿಯರನ್ನು ಕರೆಸುವ ಆಸಕ್ತಿ ಸೂಚಿಸುವ ನಮೂನೆಯನ್ನು ನಾನು ತುಂಬಿದ್ದು 2020ರ ಅಕ್ಟೋಬರಿನಲ್ಲಿ. ಅನಂತರದ ವರ್ಷಗಳಲ್ಲಿ ಸರಕಾರದವರು ಹೊಸ ಹೆಸರುಗಳನ್ನು ಸೇರಿಸಿಕೊಳ್ಳದೆ ಅದೇ ಪಟ್ಟಿಯಿಂದಲೇ ಚೀಟಿ ಎತ್ತುತ್ತ ಬಂದರು. 10,000 ಅರ್ಜಿಗಳನ್ನು ಪಡೆಯಲೆಂದು 17,860 ಆಹ್ವಾನಗಳನ್ನು ಕಳಿಸಿದ 2025ರ ಸರದಿಯಲ್ಲಿ ನನ್ನ ಹೆಸರು ಬಂತು. 2019ರಲ್ಲಿ ಮೊದಲು ಬಂದವರಿಗೆ ಮೊದಲ ಅವಕಾಶವೆಂದು ತೆರೆದ ನಮೂನೆ ಕೆಲವೇ ನಿಮಿಷಗಳಲ್ಲಿ ಮುಚ್ಚಿಹೋಗಿತ್ತು. ಬೆರಳಿನ ವೇಗವನ್ನು ಪರೀಕ್ಷಿಸುವುದಕ್ಕಿಂತ ಚೀಟಿ ಎತ್ತುವುದೇ ಮೇಲು ಎಂದು ಒಪ್ಪುತ್ತೇನೆ, ಆದರೆ 2020ರ ಬಳಿಕ ಪಿಆರ್ ಪಡೆದ ನನ್ನ ಗೆಳತಿಯರಿಗೆ ಆ ಡಬ್ಬಿಯಲ್ಲಿ ಚೀಟಿ ಹಾಕುವ ಅವಕಾಶವೇ ಸಿಗದಿದ್ದುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಆಹ್ವಾನ ಬಂದರಷ್ಟೇ ಸಾಲದು. ಅರ್ಜಿಗೆ ಹಿಂದಿನ ಮೂರು ತೆರಿಗೆ ವರ್ಷಗಳಲ್ಲಿ ಪ್ರತಿಯೊಂದರಲ್ಲೂ ನಿಗದಿತ ಆದಾಯವಿರಬೇಕು, ಅದನ್ನು ತೆರಿಗೆ ಇಲಾಖೆಯ ನಿರ್ಧರಣಾ ಪತ್ರದಿಂದಲೇ ತೋರಿಸಬೇಕು. ನಾನು, ಗಂಡ, ಮಗ, ಇನ್ನೂ ಬಾರದಿರುವ ಅಮ್ಮ, ಹೀಗೆ ನಾಲ್ವರ ಲೆಕ್ಕ. ನನ್ನೊಬ್ಬಳ ಸಂಬಳ ಸಾಲದೆ ಗಂಡನೂ ಸಹಿ ಹಾಕಿದರು. ಕ್ವಿಬೆಕ್ ಪ್ರಾಂತದ ಹೊರತಾಗಿ ಕೆನಡಾದ ಉಳಿದೆಡೆ ಈ ಸಹಿ ಇಪ್ಪತ್ತು ವರ್ಷ ಕಟ್ಟಿಹಾಕುತ್ತದೆ: ಅಷ್ಟರೊಳಗೆ ಅಮ್ಮ ಸರಕಾರದ ಸಾಮಾಜಿಕ ನೆರವು ಪಡೆದರೆ, ನಮ್ಮ ಕೆಲಸ ಹೋಗಿದ್ದರೂ, ಸಂಸಾರವೇ ಮುರಿದಿದ್ದರೂ, ಆ ಹಣವನ್ನು ನಾವು ಹಿಂದಿರುಗಿಸಬೇಕು. ಅಮ್ಮನಿಗೀಗ ಅರವತ್ತಾರು.

ನಿಜವಾಗಿ ನನ್ನನ್ನು ದಣಿಸಿದ್ದು ಮಾತ್ರ ಹೆಸರು. ಪಾಸ್‌ಪೋರ್ಟಿನಲ್ಲಿ ಸರೋಜಮ್ಮ ಎಂಬ ಒಂದೇ ಪದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಸರೋಜ, ಪಹಣಿಯಲ್ಲಿ ಸರೋಜಮ್ಮ ಕೋಂ ರಂಗಪ್ಪ. ಈ ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದೆವು. ಕೆನಡಾದ ನಮೂನೆಯಲ್ಲಿ ಒಂದೇ ಹೆಸರಿನವರು ಅದನ್ನು ಕುಲನಾಮದ ಜಾಗದಲ್ಲಿ ಬರೆದು ಮೊದಲ ಹೆಸರಿನ ಜಾಗವನ್ನು ಖಾಲಿ ಬಿಡಬೇಕಾದ್ದರಿಂದ, ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಬಾಲವಾಗಿ ಕಟ್ಟಿಕೊಳ್ಳದ ಅಮ್ಮನಿಗೆ ಅವಳ ಹೆಸರೇ ಕುಲವಾಯಿತು. ಜನನ ಪ್ರಮಾಣಪತ್ರವಂತೂ ಇರಲೇ ಇಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ ಒಂದನೇ ತಾರೀಖೇ ಅವಳ ಅಧಿಕೃತ ಹುಟ್ಟುಹಬ್ಬ.

ಮೈಸೂರಿನಲ್ಲಿರುವ ತಮ್ಮ ಈ ಅರ್ಜಿಯಲ್ಲಿ ಬರುವಂತಿಲ್ಲ, ಇಪ್ಪತ್ತೆರಡು ದಾಟಿದ ಮಕ್ಕಳು ಸಾಮಾನ್ಯವಾಗಿ ಅವಲಂಬಿತರಲ್ಲ. ಆದರೂ ಅವನ ವಿವರವನ್ನು ನಮೂದಿಸಿದ್ದೇವೆ. ಇಷ್ಟೆಲ್ಲ ಏಕೆ, ತಂದೆತಾಯಿಯರು ಬಂದುಹೋಗಲು ಕೊಡುವ ಸೂಪರ್ ವೀಸಾ ಸಾಲದೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು, ನಿಜ. ಆದರೆ ಕನಿಷ್ಠ ಒಂದು ಲಕ್ಷ ಡಾಲರಿನ ಖಾಸಗಿ ಆರೋಗ್ಯ ವಿಮೆ ಬೇಕು, ಸಕ್ಕರೆ ಕಾಯಿಲೆಯಿರುವ ಅಮ್ಮನಿಗೆ ಅದರ ಕಂತು ವರ್ಷ ವರ್ಷವೂ ಏರುತ್ತದೆ.

ಪಿಆರ್ ಉಳಿಯಬೇಕಾದರೆ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿರಬೇಕೆಂದು ಮೊನ್ನೆ ವಿಡಿಯೋ ಕರೆಯಲ್ಲಿ ವಿವರಿಸಿದೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ ಕೇಳಿದಳು: “ಹಾಗಾದ್ರೆ ಎರಡು ವರ್ಷ ನಿಮಗೆ, ಮಿಕ್ಕ ಮೂರು ವರ್ಷ ತೋಟಕ್ಕೆ, ಅಲ್ವೇನೇ?”